ಎಸ್.ಟಿ.ಡಿ. ಬೂತೆಂಬ ಜೀವನೋಪಾಯ

ನಮ್ಮ ಸೀಮೆಯ ಊರುಗಳಲ್ಲಿ ಸಣ್ಣದೊಂದು ಅಂಗಡಿಯನ್ನಿಟ್ಟು ಬದುಕಬೇಕೆಂದು ಹೊರಟವರಿಗೆ ಹಿಂದಿನಿಂದಲೂ ಕೆಲವು ಅನುಕೂಲಗಳು ಇರಲೇಬೇಕಾಗಿದ್ದವು: ಪೇಟೆಗೆ ಹೋಗಿ ಮಾಲನ್ನು ಆರಿಸಿ ಹೊತ್ತು ತರುವುದಕ್ಕೆ ಕೈಕಾಲಿನ ಬಲ, ಕಡವಾಗಿ ಮಾಲು ಕೊಡುವಷ್ಟು ವಿಶ್ವಾಸವಿಟ್ಟ ಸಗಟು ವ್ಯಾಪಾರಿಯ ಪರಿಚಯ, ಮಾರದೆ ಉಳಿದುದರ ನಷ್ಟವನ್ನು ತಾಳಿಕೊಳ್ಳುವಷ್ಟು ಬಂಡವಾಳ, ಉದ್ರಿ ಬರೆದುಕೊಂಡ ಮೇಲೆ ಅದನ್ನು ವಸೂಲು ಮಾಡುವಷ್ಟು ಬಾಯಿ. ಪೋಲಿಯೋ ತಗುಲಿ ಕಾಲಿನ ಸ್ವಾಧೀನವನ್ನು ಕಳೆದುಕೊಂಡವನಿಗೆ, ಎಳೆಯ ವಯಸ್ಸಿನಲ್ಲಿ ವಿಧವೆಯಾಗಿ ಅಣ್ಣನ ಮನೆಯ ಒಲೆಯ ಮುಂದೆ ಉಳಿದುಹೋದವಳಿಗೆ, ಪೇಟೆಬೀದಿಯಲ್ಲಿ ಮಳಿಗೆಯನ್ನು ಬಾಡಿಗೆಗೆ ಕೊಡಲು ಊರಿನವರು ಹಿಂದೆಗೆಯುತ್ತಿದ್ದ ಜಾತಿಯಲ್ಲಿ ಹುಟ್ಟಿದವನಿಗೆ ಇವುಗಳಲ್ಲಿ ಬಹುಮಟ್ಟಿಗೆ ಎಲ್ಲವೂ ದುರ್ಲಭವಾಗಿದ್ದವು. ಅಂಥವರ ಪಾಲಿಗೆ ಕಳೆದ ಶತಮಾನದ ಕೊನೆಯಲ್ಲಿ ಒಂದು ವಿಶೇಷವಾದ ಅಂಗಡಿ ಒದಗಿಬಂದಿತು. ಅದರ ಮಾಲನ್ನು ಯಾರೂ ಹೊತ್ತು ತರಬೇಕಾಗಿರಲಿಲ್ಲ; ಅದು ಕೊಳೆಯುತ್ತಿರಲಿಲ್ಲ, ಹುಳು ಹಿಡಿಯುತ್ತಿರಲಿಲ್ಲ, ಮಾರಾಟವಾಗುವ ತನಕ ಅದಕ್ಕೆ ಹಣ ತೆರಬೇಕಾಗಿಯೂ ಇರಲಿಲ್ಲ. ಕಪ್ಪು ಅಕ್ಷರಗಳ ಹಳದಿ ಫಲಕವನ್ನು ನೇತುಹಾಕಿಕೊಂಡಿದ್ದ ಎಸ್.ಟಿ.ಡಿ. ಬೂತೇ ಆ ಅಂಗಡಿ. ಅದು ಹೇಗೆ ಹುಟ್ಟಿತು, ಯಾರ ಕೈ ಹಿಡಿಯಿತು, ಎಂತು ಅಳಿಯಿತು ಎಂಬ ವೃತ್ತಾಂತವನ್ನು ಅದನ್ನು ಕಂಡವರು ಇನ್ನೂ ಇರುವಾಗಲೇ ಬರೆದಿಡತಕ್ಕದ್ದೆಂದು ನನಗೆ ಬಹುಕಾಲದಿಂದ ಅನ್ನಿಸಿದೆ.

ಬೂತಿಗೆ ಹಿಂದಿನ ಕಾಲದ ದೂರವಾಣಿಯ ಸ್ಥಿತಿಯನ್ನು ತುಸು ನೋಡಬೇಕು. 1882ರ ಜನವರಿಯಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸು ನಗರಗಳಲ್ಲಿ ಓರಿಯಂಟಲ್ ಟೆಲಿಫೋನ್ ಕಂಪನಿಯು ಮೊದಲ ವಿನಿಮಯ ಕೇಂದ್ರಗಳನ್ನು ತೆರೆಯಿತು. ಮೂರು ವರ್ಷಗಳ ತರುವಾಯ ಬಂದ 1885ರ ಟೆಲಿಗ್ರಾಫ್ ಶಾಸನವು ತಂತಿಯ ಮೇಲಣ ಸರ್ವಾಧಿಕಾರವನ್ನು ಸರ್ಕಾರದ ಕೈಯಲ್ಲಿ ಇರಿಸಿತು. ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿದ್ದ ದೂರವಾಣಿಗಳ ಸಂಖ್ಯೆ ಒಂದು ಲಕ್ಷವನ್ನು ಮುಟ್ಟಿರಲಿಲ್ಲ. 1948ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸ್ಥಾಪಿತವಾಗಿ ಮುಂದೆ ದೂರವಾಣಿನಗರವೆಂಬ ಬಡಾವಣೆಗೇ ಕಾರಣವಾದ ಐ.ಟಿ.ಐ. ಕಾರ್ಖಾನೆಯು ವರ್ಷದಿಂದ ವರ್ಷಕ್ಕೆ ಯಂತ್ರಗಳನ್ನು ತಯಾರಿಸುತ್ತ ಬಂದಿತಾದರೂ, 1980ರ ಸುಮಾರಿಗೆ ಎಪ್ಪತ್ತು ಕೋಟಿ ಜನರ ಈ ದೇಶದಲ್ಲಿ ಇದ್ದ ಫೋನುಗಳು ಇಪ್ಪತ್ತು ಲಕ್ಷದ ಆಸುಪಾಸಿನಲ್ಲಿದ್ದವು. ಅವುಗಳಲ್ಲಿ ಬಹುಪಾಲು ನಗರಗಳವು. ಅರ್ಜಿ ಹಾಕಿದವನು ಮಗಳ ಮದುವೆಯ ಹೊತ್ತಿಗಾದರೂ ಫೋನು ಬಂದೀತೆಂದು ಕಾಯುತ್ತ ಕುಳಿತು ಮೊಮ್ಮಗಳ ನಾಮಕರಣಕ್ಕೆ ಅದನ್ನು ಪಡೆದದ್ದೂ ಉಂಟು. ಆದ್ದರಿಂದಲೇ ಲಗ್ನಪತ್ರಿಕೆಗಳಲ್ಲಿಯೂ ಕಾಗದದ ತಲೆಯ ಮೇಲೂ ನೆರೆಮನೆಯವರ ನಂಬರನ್ನು ಕೊಟ್ಟು ಅದರ ಮುಂದೆ ‘ಪಿ.ಪಿ.’ ಎಂದು ಬರೆಯುವ ಪದ್ಧತಿ ನಮ್ಮಲ್ಲಿ ರೂಢವಾದದ್ದು.

ಊರಿಂದೂರಿಗೆ ಮಾತನಾಡುವುದಂತೂ ಇನ್ನೊಂದು ಸಾಹಸ. ಅಂಚೆ ಕಚೇರಿಗೋ ತಾರು ಕಚೇರಿಗೋ ಹೋಗಿ ಟ್ರಂಕ್ ಕಾಲನ್ನು ‘ಬುಕ್’ ಮಾಡಿಸಿ, ಆರ್ಡಿನರಿಯೋ ಅರ್ಜೆಂಟೋ ಲೈಟ್ನಿಂಗೋ ಎಂಬುದನ್ನು ತಮ್ಮ ಜೇಬಿನ ಶಕ್ತಿಗನುಸಾರವಾಗಿ ನಿಶ್ಚಯಿಸಿ, ಬೆಂಚಿನ ಮೇಲೆ ಅರ್ಧ ದಿನ ಕುಳಿತು, ಕಡೆಗೆ ಕೂಗು ಬಂದಾಗ ಓಡಿಹೋಗಿ, ಇಡೀ ಕಚೇರಿಗೆ ಕೇಳಿಸುವಂತೆ ಕಿರುಚಿ ಹೇಳಿದ ಮಾತು ಆ ಕಡೆಗೆ ತಲುಪಿತೋ ಇಲ್ಲವೋ ಎಂಬ ಸಂದೇಹದಲ್ಲಿಯೇ ಮೂರು ನಿಮಿಷ ಮುಗಿದುಹೋಗುತ್ತಿತ್ತು. ಚಂದಾದಾರನೇ ದೂರದ ಊರಿನ ನಂಬರನ್ನು ನೇರವಾಗಿ ತಿರುಗಿಸಬಹುದಾದ ಎಸ್.ಟಿ.ಡಿ. ಏರ್ಪಾಡು 1960ರಲ್ಲಿಯೇ ಕಾನಪುರ ಮತ್ತು ಲಖನೌಗಳ ನಡುವೆ ಆರಂಭವಾಗಿದ್ದರೂ, ಅದು ಫೋನುಳ್ಳವರ ಸೌಕರ್ಯವಾಗಿತ್ತೇ ಹೊರತು ಫೋನಿಲ್ಲದವರಿಗೆ ಅದರಿಂದ ಆದ ಉಪಕಾರ ಏನೂ ಇರಲಿಲ್ಲ.

ಈ ಸ್ಥಿತಿಯನ್ನು ಕದಲಿಸಿದುದು 1984ರ ಆಗಸ್ಟಿನಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ. ಒಡಿಶಾದ ಟಿಟ್ಲಾಗಢದಲ್ಲಿ ಒಂದು ಗುಜರಾತಿ ಮನೆತನದಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ ಅಂಕೀಯ ವಿನಿಮಯ ಯಂತ್ರಗಳ ರಚನೆಯಲ್ಲಿ ಹೆಸರನ್ನೂ ಹಣವನ್ನೂ ಗಳಿಸಿ ಹಿಂದಿರುಗಿದ ಸ್ಯಾಮ್ ಪಿತ್ರೋಡ ಅವರ ಪ್ರೇರಣೆ, ಜಿ.ಬಿ. ಮೀಮಾಂಸಿ ಅವರ ಆಡಳಿತ, ದೆಹಲಿ ಮತ್ತು ಬೆಂಗಳೂರುಗಳಲ್ಲಿ ಹಗಲಿರುಳು ದುಡಿದ ಎಳೆಯ ಎಂಜಿನಿಯರುಗಳ ಪರಿಶ್ರಮ—ಇವು ಮೂರೂ ಸೇರಿ, ಮೂವತ್ತಾರು ತಿಂಗಳು ಮತ್ತು 36 ಕೋಟಿ ರೂಪಾಯಿಗಳ ಅವಧಿ-ವೆಚ್ಚಗಳ ಗಡುವಿನಲ್ಲಿ, ಭಾರತದ ಹವೆಗೆ ಒಗ್ಗುವ ಅಂಕೀಯ ವಿನಿಮಯ ಕೇಂದ್ರವನ್ನು ರಚಿಸುವ ಕಾರ್ಯವನ್ನು ಕೈಗೊಂಡವು. ಪಾಶ್ಚಾತ್ಯರ ಯಂತ್ರಗಳು ಸಾವಿರಾರು ಚಂದಾದಾರರ ಮಹಾನಗರಗಳಿಗೆಂದು ರಚಿತವಾದವು. ಅವಕ್ಕೆ ತಂಪುಗಾಳಿಯ ಕೋಣೆ ಬೇಕು, ಧೂಳು ತಾಕಬಾರದು, ವಿದ್ಯುತ್ತು ಏರುಪೇರಾಗಬಾರದು. ನಮ್ಮ ಎಂಜಿನಿಯರುಗಳು ಮೊದಲು ರಚಿಸಿದ್ದು 128 ಮಾರ್ಗಗಳ ಒಂದು ಗ್ರಾಮೀಣ ಕೇಂದ್ರ. ಗಾತ್ರದಲ್ಲಿ ಮನೆಯ ಬೀರುವಿನಷ್ಟು. ತನ್ನಿಂದ ತಾನೇ ಏರುವ ಬಿಸಿಗಾಳಿಯ ಚಲನೆಯಿಂದಲೇ ತಂಪಾಗುವಂತೆ, ಬೇಸಗೆಯ ಝಳವನ್ನೂ ಬಯಲಿನ ಧೂಳನ್ನೂ ತಾಳಿಕೊಳ್ಳುವಂತೆ ಕಟ್ಟಿದ್ದು. ಆ ಯಂತ್ರವು 1986ರಲ್ಲಿ ಮೊತ್ತಮೊದಲು ನೆಲೆಗೊಂಡ ಊರು ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರು. ಚೆನ್ನಮ್ಮ ರಾಣಿಯ ಕೋಟೆಯನ್ನು ನೋಡಲು ಹೋಗುವ ಯಾತ್ರಿಕರಲ್ಲಿ ಈ ಎರಡನೆಯ ಕಾರಣಕ್ಕಾಗಿಯೂ ಆ ಊರಿಗೆ ಕೈಮುಗಿಯಬಹುದೆಂದು ತಿಳಿದವರು ವಿರಳ.

ಯಂತ್ರಕ್ಕಿಂತ ಮಿಗಿಲಾದ ಒಂದು ವಿಚಾರವೂ ಈ ಪ್ರಯತ್ನದ ಹಿಂದೆ ಇದ್ದಿತೆಂಬುದನ್ನು ನಾನು ಒತ್ತಿ ಹೇಳಬೇಕಾಗಿದೆ. ನೂರು ಜನರಿಗೆ ಎಷ್ಟು ಫೋನುಗಳಿವೆ ಎಂಬ ಲೆಕ್ಕದಿಂದ ದೇಶದೇಶಗಳನ್ನು ತೂಗುವುದು ಜಗತ್ತಿನ ವಾಡಿಕೆಯಾಗಿದ್ದ ಕಾಲದಲ್ಲಿ, ಬಡದೇಶವೊಂದು ಕೇಳಿಕೊಳ್ಳಬೇಕಾದ ಪ್ರಶ್ನೆ ಅದಾಗಿರದೆ, ಫೋನಿಲ್ಲದವನು ಎಷ್ಟು ದೂರ ನಡೆದರೆ ಫೋನು ಸಿಕ್ಕೀತು ಎಂಬುದೆಂದು ಪಿತ್ರೋಡ ಅವರು ವಾದಿಸಿದರು. ಮನೆಮನೆಗೆ ಫೋನು ಕೊಡಲಾರದ ಸರ್ಕಾರವು ಬೀದಿಬೀದಿಗೆ ಒಂದನ್ನು ಕೊಡಬಹುದಷ್ಟೆ. ಆದರೆ ಬೀದಿಯ ಫೋನನ್ನು ನೋಡಿಕೊಳ್ಳುವವರು ಯಾರು? ಬೇರೆ ದೇಶಗಳಲ್ಲಿರುವಂತೆ ನಾಣ್ಯ ಹಾಕುವ ಪೆಟ್ಟಿಗೆಗಳನ್ನು ನಿಲ್ಲಿಸಿದರೆ ಅವು ದುಬಾರಿ. ಕೆಟ್ಟರೆ ರಿಪೇರಿ ಮಾಡುವವರಿಲ್ಲ. ಕಳ್ಳರ ಭಯ ಬೇರೆ. ಆದ್ದರಿಂದ ಸಾಧಾರಣವಾದ ಫೋನಿಗೇ ಒಂದು ಮೀಟರನ್ನು ಜೋಡಿಸಿ, ಮೇಜಿನೊಡನೆ ಒಬ್ಬ ಮನುಷ್ಯನನ್ನು ಕೂರಿಸುವುದೇ ಲೇಸೆಂಬ ತೀರ್ಮಾನಕ್ಕೆ ಬಂದರು. ಆ ಮನುಷ್ಯನಿಗೆ ಸಂಬಳವಿಲ್ಲ, ಕರೆಯ ಶುಲ್ಕದಲ್ಲಿ ಒಂದು ಪಾಲು. ಹೀಗೆ 1980ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ಮಗ್ಗುಲಲ್ಲಿ ಒಂದು ಕುರ್ಚಿ ಸೃಷ್ಟಿಯಾಯಿತು.

ಮೀಟರಿನ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಬೂತಿನ ಚರಿತ್ರೆಯಲ್ಲಿ ನನ್ನ ದೃಷ್ಟಿಗೆ ಅದೇ ಮುಖ್ಯಪಾತ್ರ. ಹಳೆಯ ಸ್ಟ್ರೌಜರ್ ಕೇಂದ್ರಗಳಲ್ಲಿ ಪ್ರತಿ ಚಂದಾದಾರನ ಹೆಸರಿಗೊಂದು ಉರುಳುವ ಅಂಕಿಗಳ ಎಣಿಕೆಯಂತ್ರ ಕೇಂದ್ರದ ಗೋಡೆಯ ಮೇಲಿರುತ್ತಿತ್ತು. ಕಾಲಕಾಲಕ್ಕೆ ಅವುಗಳ ಛಾಯಾಚಿತ್ರವನ್ನು ತೆಗೆದು ಬಿಲ್ಲನ್ನು ಬರೆಯುತ್ತಿದ್ದರು. ಒಂದು ಕರೆಗೆ ಇಷ್ಟಾಯಿತೆಂದು ಆ ಗಳಿಗೆಯಲ್ಲಿ ಯಾರೂ ಹೇಳಲಾರರು. ಹಾಗಿರುವಾಗ ಒಬ್ಬನ ಫೋನಿನಿಂದ ಇನ್ನೊಬ್ಬನು ಮಾತನಾಡಿ ದುಡ್ಡು ಕೊಡುವುದೆಂದರೆ ಪರಸ್ಪರ ವಿಶ್ವಾಸದ ಮಾತು. ವಿಶ್ವಾಸವಿದ್ದ ಕಡೆ ದುಡ್ಡನ್ನು ತೆಗೆದುಕೊಳ್ಳಲು ಸಂಕೋಚ, ವಿಶ್ವಾಸವಿಲ್ಲದ ಕಡೆ ಕೊಡಲು ಸಂಶಯ. ಹೊಸ ಏರ್ಪಾಡಿನಲ್ಲಿ ಮಾತಿಗೆ ಅಡ್ಡಬಾರದಂಥ ಉಚ್ಚಸ್ಪಂದನವೊಂದನ್ನು ಕೇಂದ್ರವು ಅದೇ ತಂತಿಯ ಮೇಲೆ ಬೂತಿಗೆ ಕಳುಹಿಸುತ್ತಿತ್ತು. ಊರು ದೂರವಾದಷ್ಟೂ ಸ್ಪಂದನಗಳ ನಡುವಿನ ಅಂತರ ಕಿರಿದಾಗುತ್ತಿತ್ತು. ಮೇಜಿನ ಮೇಲಣ ಪೆಟ್ಟಿಗೆಯೊಳಗಿನ ಪುಟ್ಟ ಗಣಕವು ಅವನ್ನು ಎಣಿಸಿ ಕೆಂಪು ಅಂಕಿಗಳಲ್ಲಿ ರೂಪಾಯಿ ಪೈಸೆಗಳನ್ನು ತೋರಿಸುತ್ತಿತ್ತು. ಬೇರೆ ಕೆಲವು ಪೆಟ್ಟಿಗೆಗಳು ಕರೆ ಕೂಡಿದ ಕ್ಷಣವನ್ನು ಮಾತ್ರ ಕೇಂದ್ರದಿಂದ ತಿಳಿದುಕೊಂಡು, ದೂರದ ದರಪಟ್ಟಿಯನ್ನೂ ಗಡಿಯಾರವನ್ನೂ ತಮ್ಮಲ್ಲಿಯೇ ಇರಿಸಿಕೊಂಡು ಲೆಕ್ಕ ಹಾಕುತ್ತಿದ್ದವು. ಫೋನನ್ನು ಕೆಳಗಿಟ್ಟ ಕೂಡಲೇ ಕಿರ್ರೆಂದು ಸದ್ದು ಮಾಡುತ್ತ ಕಾಗದದ ಚೀಟಿ ಹೊರಬರುತ್ತಿತ್ತು: ತಾರೀಕು, ಹೊತ್ತು, ಕರೆದ ನಂಬರು, ಕಾಲಾವಧಿ, ಮೊತ್ತ.

ಈ ಚೀಟಿಯು ಮಾಡಿದ ಉಪಕಾರ ಎಂಥದೆಂಬುದು ಲೆಕ್ಕದ ಪುಸ್ತಕವನ್ನು ಹಿಡಿದು ಬೆಳೆದವರಿಗೆ ಸುಲಭವಾಗಿ ಹೊಳೆಯಲಾರದು. ಶಾಲೆಗೆ ಹೋಗಿ ಎರಡು ತರಗತಿ ಕಲಿತ ಹೆಂಗಸಿನ ಅಂಗಡಿಯಲ್ಲಿ ಗಿರಾಕಿಗಳು ಲೆಕ್ಕಕ್ಕೆ ನಿಂತರೆ ಆಕೆ ಸೋಲುವುದೇ ರೂಢಿ. ಊಳಿಗದ ಜಾತಿಯವನು ಬೆಲೆ ಹೇಳಿದರೆ ಮೇಲಿನವನು ತನಗೆ ತೋಚಿದ್ದನ್ನು ಎಸೆದುಹೋಗುವುದೂ ರೂಢಿ. ಬೂತಿನಲ್ಲಿ ಬೆಲೆಯನ್ನು ಹೇಳುತ್ತಿದ್ದುದು ಯಂತ್ರ. ಗೌಡನಿಗೂ ಕೂಲಿಯವನಿಗೂ ಅದೇ ಅಂಕಿ, ಚೌಕಾಸಿಗೆ ಎಡೆಯಿಲ್ಲ, ಹೇಳಿದವರ ಮುಖವನ್ನು ನೋಡಿ ಬೆಲೆಯನ್ನು ಇಳಿಸುವ ಮಾತಿಲ್ಲ. ದುರ್ಬಲರಾದವರ ಪಕ್ಕದಲ್ಲಿ ನಿಂತು ಸಾಕ್ಷಿ ನುಡಿಯುವ ಗುಣ ಒಂದು ಯಂತ್ರಕ್ಕೆ ಬಂದದ್ದು ನಮ್ಮ ಬೀದಿಗಳಲ್ಲಿ ಬಹುಶಃ ಅದೇ ಮೊದಲು.

ಆದರೆ ಯಂತ್ರವೊಂದೇ ಇದ್ದಿದ್ದರೆ ಆ ಕುರ್ಚಿಯಲ್ಲಿ ಪೇಟೆಯ ಸಾಹುಕಾರನ ಮಗನೇ ಕುಳಿತಿರುತ್ತಿದ್ದನೆಂಬುದರಲ್ಲಿ ನನಗೆ ಸಂಶಯವಿಲ್ಲ. ಅದನ್ನು ತಪ್ಪಿಸಿದುದು ದೂರಸಂಪರ್ಕ ಇಲಾಖೆಯ ಒಂದು ನಿಯಮ. ಬೂತುಗಳನ್ನು ಹಂಚುವಾಗ ಅಂಗವಿಕಲರು, ವಿಧವೆಯರು, ಮಾಜಿ ಸೈನಿಕರು ಮತ್ತು ಯುದ್ಧದಲ್ಲಿ ಮಡಿದವರ ಪತ್ನಿಯರು, ಪರಿಶಿಷ್ಟ ಜಾತಿ ಪಂಗಡಗಳವರು, ವಿದ್ಯಾವಂತ ನಿರುದ್ಯೋಗಿಗಳು—ಇವರಿಗೆ ಆದ್ಯತೆಯನ್ನು ಕೊಡತಕ್ಕದ್ದೆಂದು ಅದು ವಿಧಿಸಿತ್ತು. ಮನೆಗೆ ಫೋನು ಬೇಕೆಂದವರು ವರ್ಷಗಟ್ಟಲೆ ಸಾಲಿನಲ್ಲಿ ನಿಂತಿದ್ದ ಆ ಕಾಲದಲ್ಲಿ, ಎಂದೂ ಯಾವ ಸಾಲಿನಲ್ಲಿಯೂ ಮುಂದೆ ನಿಂತವರಲ್ಲದ ಇವರನ್ನು ಕರೆದು ಮುಂದೆ ನಿಲ್ಲಿಸಿದ್ದು ಸಾಮಾನ್ಯವಾದ ಸಂಗತಿಯಲ್ಲ. ಅದಕ್ಕೆ ಮೊದಲು ಅಂಗವಿಕಲರಿಗೆಂದು ನಮ್ಮ ಧರ್ಮಸಂಸ್ಥೆಗಳು ಕಲಿಸುತ್ತಿದ್ದ ಕಸುಬುಗಳು ಕುರ್ಚಿಗೆ ಬೆತ್ತ ಹೆಣೆಯುವುದು, ಮೇಣದ ಬತ್ತಿ ಎರೆಯುವುದು, ಸೀಮೆಸುಣ್ಣದ ಕಡ್ಡಿ ಮಾಡುವುದು ಮುಂತಾದವು. ಅವುಗಳಿಂದ ಬಂದ ಪದಾರ್ಥವನ್ನು ಜನ ಕೊಳ್ಳುತ್ತಿದ್ದದ್ದು ಬಹಳ ಸಲ ಮರುಕದಿಂದ. ಬೂತಿಗೆ ಬರುತ್ತಿದ್ದವರು ತಮಗೆ ಬೇಕಾಗಿ ಬರುತ್ತಿದ್ದರು. ಈ ಭೇದವನ್ನು ಅನುಭವಿಸಿದವರಷ್ಟೇ ಪೂರ್ತಿಯಾಗಿ ಬಲ್ಲರು.

ಧಾರವಾಡದ ಕಡೆಯ ಒಂದು ಬಸ್ ನಿಲ್ದಾಣದ ಮಗ್ಗುಲಲ್ಲಿದ್ದ ಬೂತೊಂದನ್ನು ನಾನು ಹಲವು ವರ್ಷ ಕಂಡಿದ್ದೆ. ಆರಡಿ ಉದ್ದ ನಾಲ್ಕಡಿ ಅಗಲದ ತಗಡಿನ ಗೂಡು. ಅದರ ಅರ್ಧದಲ್ಲಿ ಗಾಜಿನ ಬಾಗಿಲಿನ ಮಾತಿನ ಕೋಣೆ, ಒಳಗೆ ತಲೆಗೆ ತಾಗುವಂತೆ ತಿರುಗುವ ಸಣ್ಣ ಫ್ಯಾನು. ಉಳಿದರ್ಧದಲ್ಲಿ ಮೇಜು, ಮೀಟರು, ಮೀಟರಿನ ಮೇಲೆ ಮಲ್ಲಿಗೆಯ ಎರಡು ಎಸಳು, ಗೋಡೆಗೆ ಅಂಟಿಸಿದ ಎಸ್.ಟಿ.ಡಿ. ಕೋಡುಗಳ ಪಟ್ಟಿ. ಮುಂಬಯಿಗೆ 022, ದೆಹಲಿಗೆ 011, ಮದರಾಸಿಗೆ 044, ಬೆಳಗಾವಿಗೆ 0831. ಬೆಂಗಳೂರಿನ ಹಳೆಯ 0812ನ್ನು ಗೀಟು ಹಾಕಿ ಮೇಲೆ 080 ಎಂದು ಶಾಯಿಯಲ್ಲಿ ತಿದ್ದಿತ್ತು. ಮೂರು ಗಾಲಿಯ ಕೈಗಾಡಿಯನ್ನು ಗೂಡಿನ ಹಿಂದೆ ನಿಲ್ಲಿಸಿ, ಎರಡು ಕೈಗಳ ಮೇಲೆ ಮೈಯನ್ನೆತ್ತಿ ಕುರ್ಚಿಗೆ ಸಾಗಿಸಿಕೊಂಡು ಬೆಳಗ್ಗೆ ಏಳಕ್ಕೆ ಕುಳಿತ ಬೂತಿನ ಒಡೆಯರು ಏಳುತ್ತಿದ್ದುದು ರಾತ್ರಿ ಹನ್ನೊಂದರ ಮೇಲೆ. ಪಟ್ಟಿಯನ್ನು ಅವರು ಎಂದೂ ನೋಡಿದವರಲ್ಲ. ಊರ ಹೆಸರನ್ನು ಹೇಳುವಷ್ಟರಲ್ಲಿ ಬೆರಳು ಗುಂಡಿಯ ಮೇಲೆ ಓಡಿರುತ್ತಿತ್ತು. “ಎಂಗೇಜ್ ಐತ್ರಿ, ಕುಂಡ್ರಿ, ಮತ್ತ ಹಚ್ಚಿ ಕೊಡ್ತೀನಿ” ಎಂಬುದು ಅವರು ದಿನಕ್ಕೆ ನೂರು ಸಲ ಆಡುತ್ತಿದ್ದ ಮಾತು. ಓದಲು ಬಾರದವರು ಮುದುರಿದ ಕಾಗದವನ್ನು ಚಾಚಿದರೆ ಅದರ ಮಸಕು ಅಂಕಿಗಳನ್ನು ಬಿಡಿಸಿ ಓದುವುದೂ, ಮೊದಲ ಬಾರಿ ಫೋನನ್ನು ಹಿಡಿದ ಮುದುಕಿಗೆ ಅದನ್ನು ತಲೆಕೆಳಗಾಗದಂತೆ ಕಿವಿಗಿಡುವುದೂ, ಅತ್ತ ಕಡೆಯಿಂದ ಬಂದ ಕರೆಗೆ “ಹತ್ತು ನಿಮಿಷ ಬಿಟ್ಟು ಮಾಡ್ರಿ, ಕರೆಸ್ತೀನಿ” ಎಂದು ಹೇಳಿ ಹುಡುಗನೊಬ್ಬನನ್ನು ಓಣಿಗೆ ಓಡಿಸುವುದೂ ಅವರ ಕೆಲಸಕ್ಕೆ ಸೇರಿತ್ತು. ಈ ಸೇವೆಗಳಿಗೆ ಮೀಟರು ಯಾವ ಲೆಕ್ಕವನ್ನೂ ಬರೆದುಕೊಳ್ಳುತ್ತಿರಲಿಲ್ಲ. ಊರಿನಲ್ಲಿ ಅವರನ್ನು ಮೊದಲು ಅವರ ಕಾಲಿನ ಮೇಲಿಂದ ಹೆಸರಿಟ್ಟು ಕರೆಯುತ್ತಿದ್ದವರೇ ಆಮೇಲೆ “ಫೋನಿನ ಅಣ್ಣಾರು” ಎನ್ನತೊಡಗಿದ್ದರು.

ರಾತ್ರಿಯಾಗುತ್ತ ಬಂದಂತೆ ದರ ಇಳಿಯುತ್ತಿತ್ತು: ಅರ್ಧ, ತರುವಾಯ ಮೂರರಲ್ಲೊಂದು ಪಾಲು, ಹೊತ್ತು ಮೀರಿದ ಮೇಲೆ ಕಾಲುಪಾಲು. ಹಗಲೆಲ್ಲ ನೊಣ ಹೊಡೆಯುತ್ತಿದ್ದ ಬೂತಿನ ಮುಂದೆ ಊಟ ಮುಗಿಸಿದ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು: ಹಾಸ್ಟೆಲಿನ ಹುಡುಗರು, ದಂಡಿನಲ್ಲಿರುವ ಮಗನಿಗಾಗಿ ಬಂದ ತಾಯಿ, ಲಾರಿಯ ಬಾಡಿಗೆಯನ್ನು ಕುದುರಿಸುವ ವ್ಯಾಪಾರಿ, ಅಕ್ಕನ ಹೆರಿಗೆಯ ಸುದ್ದಿಗೆ ಕಾದ ತಮ್ಮ. ಕರಾವಳಿಯಲ್ಲಿ ಈ ಸಾಲು ಇನ್ನೂ ಉದ್ದ. ಕುಂದಾಪುರ ಉಡುಪಿಗಳ ಕಡೆಯಿಂದ ಮುಂಬಯಿಯ ಹೋಟೆಲುಗಳಿಗೆ ಹೋದವರೂ, ಭಟ್ಕಳ ಮಂಗಳೂರುಗಳಿಂದ ಕೊಲ್ಲಿಯ ದೇಶಗಳಿಗೆ ಹೋದವರೂ, ಮನೆಯವರೊಡನೆ ಇಟ್ಟುಕೊಂಡಿದ್ದ ಸಂಬಂಧ ಅಲ್ಲಿಯವರೆಗೆ ಮನಿಯಾರ್ಡರಿನ ಚೀಟಿಯ ಕೆಳಗಿನ ಎರಡು ಸಾಲು ಮತ್ತು ತಿಂಗಳಿಗೊಂದು ಕಾಗದ. ಬೂತು ಬಂದ ಮೇಲೆ, ಗಂಡನ ದನಿಯನ್ನು ಎರಡು ವರ್ಷಕ್ಕೊಮ್ಮೆ ಕೇಳುತ್ತಿದ್ದ ಹೆಂಗಸು ವಾರಕ್ಕೊಮ್ಮೆ ಕೇಳುವಂತಾಯಿತು. ಆಕೆ ನಿಸ್ಸಂಕೋಚವಾಗಿ ಬಂದು ಮಾತನಾಡಬೇಕಾದರೆ ಮೇಜಿನ ಆಚೆ ಕುಳಿತವಳೂ ಹೆಂಗಸಾಗಿದ್ದರೆ ಮೇಲು. ಇದರಿಂದಲೇ ವಿಧವೆಯರ ಬೂತುಗಳಿಗೆ, ಅದರಲ್ಲಿಯೂ ಪೇಟೆಯಿಂದ ಒಳಗೆ ಮನೆಯ ಜಗಲಿಯ ಮೇಲೆಯೇ ಇಟ್ಟುಕೊಂಡವುಗಳಿಗೆ, ತಕ್ಕ ಗಿರಾಕಿ ತಾನೇ ತಾನಾಗಿ ಕೂಡಿಬಂದಿತು. ಮನೆಯ ಹೊಸ್ತಿಲನ್ನು ದಾಟದೆ ವ್ಯಾಪಾರ ಮಾಡುವುದಕ್ಕೆ ಅನುಕೂಲವಾದ ಕಸುಬು ಹೊಲಿಗೆ ಹಪ್ಪಳಗಳನ್ನು ಬಿಟ್ಟರೆ ಅದಕ್ಕೆ ಮೊದಲು ನಮ್ಮ ಹೆಂಗಸರಿಗೆ ಹೆಚ್ಚೇನೂ ಇರಲಿಲ್ಲ.

ನೆರೆಯ ಬಾಂಗ್ಲಾದೇಶದಲ್ಲಿ 1997ರಿಂದ ಗ್ರಾಮೀಣ ಬ್ಯಾಂಕಿನ ಸಾಲದಿಂದ ಮೊಬೈಲು ಫೋನನ್ನು ಕೊಂಡು ಹಳ್ಳಿಯವರಿಗೆ ನಿಮಿಷದ ಲೆಕ್ಕದಲ್ಲಿ ಮಾರಿದ ಹೆಂಗಸರ ಕಥೆ ಲೋಕಪ್ರಸಿದ್ಧವಾಗಿದೆ, ಅದು ಯೋಗ್ಯವೂ ಆಗಿದೆ. ಅದಕ್ಕೆ ಎಷ್ಟೋ ವರ್ಷ ಮೊದಲೇ ಅದೇ ಬಗೆಯ ಕೆಲಸವನ್ನು ನಮ್ಮ ಹಳದಿ ಬೂತುಗಳು ನಡೆಸುತ್ತಿದ್ದವೆಂಬುದನ್ನು ನಾವು ಮಾತ್ರ ಅಷ್ಟಾಗಿ ಹೇಳಿಕೊಂಡವರಲ್ಲ.

ಈ ಏರ್ಪಾಡು ದೋಷರಹಿತವಾಗಿತ್ತೆಂದು ಹೇಳಿದರೆ ಅದು ಸತ್ಯಕ್ಕೆ ಅಪಚಾರ. ಅಂಗವಿಕಲನ ಹೆಸರಿನಲ್ಲಿ ಬೂತನ್ನು ಪಡೆದು, ತಿಂಗಳಿಗೆ ಇಷ್ಟೆಂದು ಅವನ ಕೈಗೆ ಚಿಲ್ಲರೆಯನ್ನಿಟ್ಟು, ಲಾಭವನ್ನೆಲ್ಲ ಬೇರೆಯವರೇ ಬಾಚಿಕೊಂಡ ಉದಾಹರಣೆಗಳು ಊರೂರಲ್ಲಿಯೂ ಇದ್ದವು; ಫಲಕದ ಮೇಲಣ ಹೆಸರು ಒಬ್ಬನದು, ಗಲ್ಲಾಪೆಟ್ಟಿಗೆಯ ಕೀಲಿಕೈ ಇನ್ನೊಬ್ಬನದು. ತನ್ನ ಮೀಟರಿನ ಚೀಟಿಗಳ ಮೊತ್ತಕ್ಕೂ ಇಲಾಖೆಯ ಬಿಲ್ಲಿನ ಮೊತ್ತಕ್ಕೂ ತಾಳೆಯಾಗದೆ, ಹೆಚ್ಚಾಗಿ ಬಂದ ಹಣವನ್ನು ಕೈಯಿಂದ ಕಟ್ಟಿ, ದೂರು ಕೊಡಲು ಕಚೇರಿಯ ಮಹಡಿಯ ಮೆಟ್ಟಿಲುಗಳನ್ನು ಹತ್ತಲಾರದೆ ಕೆಳಗೇ ಕಾದು ಕುಳಿತವರಿದ್ದರು. ಕುರುಡರಾದವರು ಫೋನಿನ ಐದನೆಯ ಗುಂಡಿಯ ಮೇಲಿನ ಚುಕ್ಕೆಯನ್ನು ಬೆರಳಿನಿಂದ ಗುರುತು ಹಿಡಿದು ಎಂಥ ನಂಬರನ್ನಾದರೂ ತಪ್ಪದೆ ಒತ್ತುತ್ತಿದ್ದರು. ಆದರೆ ಮೀಟರಿನ ಕೆಂಪು ಅಂಕಿಗಳೂ ಚೀಟಿಯ ಅಕ್ಷರಗಳೂ ಕಣ್ಣಿರುವವರಿಗೆ ಮಾತ್ರ ಮಾತನಾಡುತ್ತಿದ್ದವು. ಇಷ್ಟು ಹಣವಾಯಿತೆಂದು ಗಿರಾಕಿಯೇ ಓದಿ ಹೇಳಬೇಕು, ಇದು ಇಷ್ಟರ ನೋಟೆಂದು ಅವನೇ ಹೇಳಿ ಕೊಡಬೇಕು. ಉಳಿದವರಿಗೆ ಸಾಕ್ಷಿಯಾದ ಯಂತ್ರ ಇವರಿಗೆ ಮೂಕವಾಗಿತ್ತು.

ಬೂತುಗಳ ಸಂಖ್ಯೆ ಈ ಶತಮಾನದ ಮೊದಲ ವರ್ಷಗಳಲ್ಲಿ ದೇಶದಲ್ಲಿ ಇಪ್ಪತ್ತು ಲಕ್ಷವನ್ನು ಮೀರಿತು. ಯಾವ ಸಂಖ್ಯೆ 1980ರಲ್ಲಿ ದೇಶದ ಎಲ್ಲ ಫೋನುಗಳ ಸಂಖ್ಯೆಯಾಗಿತ್ತೋ ಅಷ್ಟು ಮಂದಿ ಈಗ ಫೋನನ್ನು ಮುಂದಿಟ್ಟುಕೊಂಡು ಬದುಕುತ್ತಿದ್ದರು. ಆದರೆ ಅದರ ಅವನತಿಯ ಕಾರಣವೂ ಆ ವೇಳೆಗೇ ಬೆಳೆದುನಿಂತಿತ್ತು. 1995ರ ಜುಲೈಯಲ್ಲಿ ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯ ಸಚಿವ ಸುಖರಾಮ್ ಅವರೊಡನೆ ಮೊಬೈಲಿನಲ್ಲಿ ಮಾತನಾಡಿದಾಗ ಅದು ಶ್ರೀಮಂತರ ಆಟವಾಗಿ ತೋರಿತ್ತು. ಆಡಿದ ಮಾತಿಗೂ ಹಣ, ಕೇಳಿದ ಮಾತಿಗೂ ಹಣ. 2003ರಲ್ಲಿ ಒಳಬರುವ ಕರೆಗೆ ಹಣವಿಲ್ಲವೆಂದಾಯಿತು. 2006ರಲ್ಲಿ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿಯೆಂಬ ದರ ಬಂದಿತು. ದೂರವೆಂಬುದೇ ಇಲ್ಲವಾದ ಮೇಲೆ ದೂರವನ್ನು ಅಳೆದು ಮಾರುತ್ತಿದ್ದ ಅಂಗಡಿಗೆ ಕೆಲಸವೇನು? ಫೋನನ್ನು ಎಲ್ಲರಿಗೂ ಎಟುಕಿಸಬೇಕೆಂಬ ಉದ್ದೇಶವೇ ಸಂಪೂರ್ಣವಾಗಿ ಸಿದ್ಧಿಸಿ, ಆ ಉದ್ದೇಶಕ್ಕಾಗಿ ದುಡಿದವರ ಅನ್ನವನ್ನು ಕಸಿದುಕೊಂಡಿತು. ಕೂಲಿಕಾರನ ಜೇಬಿಗೂ ಫೋನು ಬಂದುದಕ್ಕೆ ವ್ಯಸನಪಡುವವನು ನಾನಲ್ಲ. ಬೂತಿನವರನ್ನು ಕುರ್ಚಿಯಲ್ಲಿ ಕೂರಿಸುವಾಗ ಅಷ್ಟು ಯೋಚನೆ ಮಾಡಿದವರು ಅವರು ಏಳಬೇಕಾಗಿ ಬಂದಾಗ ಒಂದು ಮಾತನ್ನೂ ಆಡಲಿಲ್ಲವೆಂಬುದೇ ನನ್ನ ವ್ಯಥೆ. ಠೇವಣಿಯ ಹಣವನ್ನು ಹಿಂದಕ್ಕೆ ಪಡೆಯಲು ತಿಂಗಳುಗಟ್ಟಲೆ ಅಲೆದವರನ್ನು ನಾನು ಕಂಡಿದ್ದೇನೆ. ಕೆಲವರು ಜೆರಾಕ್ಸು ಲ್ಯಾಮಿನೇಷನ್ನುಗಳನ್ನು ಸೇರಿಸಿಕೊಂಡು, ಮೊಬೈಲಿನ ‘ಕರೆನ್ಸಿ’ಯನ್ನು ಮಾರುತ್ತ ಕೆಲಕಾಲ ತಾಳಿದರು, ಕೆಲವರು ಗೂಡನ್ನು ಪಾನ್ ಬೀಡಾದವನಿಗೆ ಬಾಡಿಗೆಗೆ ಕೊಟ್ಟರು, ಬಹಳ ಮಂದಿ ಮನೆಗೆ ಹಿಂದಿರುಗಿದರು.

ಆ ಮೇಲೆ ಬಂದ ಅಂಕೀಯ ಕಸುಬುಗಳು ಇಲ್ಲದಿಲ್ಲ. 2001ರ ಹೊತ್ತಿಗೆ ನಮ್ಮ ರಾಜ್ಯದ ‘ಭೂಮಿ’ ಯೋಜನೆ ಪಹಣಿಯನ್ನು ಗಣಕಕ್ಕೆ ಏರಿಸಿತು. ಆಧಾರು, ಪಿಂಚಣಿ, ಜಾತಿ ಆದಾಯಗಳ ಪ್ರಮಾಣಪತ್ರ, ವಿಮೆ—ಹೀಗೆ ಎಲ್ಲವೂ ಪರದೆಯ ಮೇಲಕ್ಕೆ ಹೋದಂತೆ, ಅವನ್ನು ತೆಗೆದುಕೊಡುವ ಸಾಮಾನ್ಯ ಸೇವಾ ಕೇಂದ್ರಗಳೂ ಈಚಿನ ‘ಗ್ರಾಮ ಒನ್’ ಕೇಂದ್ರಗಳೂ ಹಳ್ಳಿಗಳಲ್ಲಿ ತೆರೆದುಕೊಂಡಿವೆ, ಕೆಲವನ್ನು ಅಂಗವಿಕಲರೂ ಹೆಂಗಸರೂ ಸಮರ್ಥವಾಗಿಯೇ ನಡೆಸುತ್ತಿದ್ದಾರೆ. ಆದರೆ ಕಂಪ್ಯೂಟರು, ಪ್ರಿಂಟರು, ಬೆರಳಚ್ಚಿನ ಯಂತ್ರ, ಕಡಿದುಹೋಗದ ಇಂಟರ್ನೆಟ್ಟು, ಎರಡು ಭಾಷೆಗಳ ಕೀಲಿಮಣೆಯ ಅಭ್ಯಾಸ—ಇಷ್ಟನ್ನು ಮೊದಲೇ ಹೊಂದಿಸಿಕೊಂಡು ಬಂದವರಿಗೆ ಆ ಬಾಗಿಲು. ಎರಡು ತರಗತಿ ಓದಿದ ಜಗಲಿಯ ಹೆಂಗಸಿಗೆ ಅದು ಬೂತಿನಷ್ಟು ಸಲೀಸಲ್ಲ.

ಬೂತಿನ ನಿಜವಾದ ವಾರಸುದಾರನನ್ನು ನಾನು ಬೇರೆ ಕಡೆ ಕಾಣುತ್ತೇನೆ. 2016ರಲ್ಲಿ ಯು.ಪಿ.ಐ. ಬಂದಿತು, ಅದೇ ವರ್ಷದ ಕೊನೆಯಲ್ಲಿ ಬಂದ ಹೊಸ ನೋಟುಗಳು ಅಳತೆಯಲ್ಲಿ ಬದಲಾಗಿ, ಬೆರಳಿನಿಂದ ನೋಟನ್ನು ಅಳೆದು ತಿಳಿಯುತ್ತಿದ್ದ ಕುರುಡು ವ್ಯಾಪಾರಿಗಳನ್ನು ದಿಕ್ಕುಗೆಡಿಸಿದವು. ಕೆಲವು ವರ್ಷಗಳಲ್ಲಿ ಬಂಡಿಯಂಗಡಿಗಳ ಮೇಲೆ ಹಣಪಾವತಿಯ ಕಂಪನಿಗಳವರು ಇಟ್ಟ ಒಂದು ಸಣ್ಣ ಪೆಟ್ಟಿಗೆ, ಹಣ ಬಂದ ಕೂಡಲೇ ಇಂತಿಷ್ಟು ರೂಪಾಯಿ ಬಂದಿತೆಂದು ಕನ್ನಡದಲ್ಲಿ ಗಟ್ಟಿಯಾಗಿ ಹೇಳತೊಡಗಿತು. ಅದನ್ನು ಸೌಂಡ್ ಬಾಕ್ಸೆಂದು ಕರೆಯುತ್ತಾರೆ. ಬೂತಿನ ಮೀಟರು ಕಣ್ಣುಳ್ಳವರಿಗೆ ಮಾಡಿದ ಉಪಕಾರವನ್ನು ಇದು ಕಣ್ಣಿಲ್ಲದವರಿಗೂ ಮಾಡುತ್ತದೆ. ಊದುಬತ್ತಿ ಕಡಲೆಕಾಯಿಗಳನ್ನು ಮಾರುವ ಕುರುಡನೊಬ್ಬನು ಗಿರಾಕಿಯ ಪ್ರಾಮಾಣಿಕತೆಯನ್ನು ನೆಚ್ಚಿಕೊಂಡೇ ಇರಬೇಕಾದ ಕಾಲ ಅಷ್ಟರಮಟ್ಟಿಗೆ ಮುಗಿಯಿತು.

ಅವನು ಕುಳಿತ ಜಾಗವು ಅವನದಾಗಬೇಕಾದ ಕೆಲಸ ಇನ್ನೂ ಉಳಿದಿದೆ. 2014ರ ಬೀದಿ ವ್ಯಾಪಾರಿಗಳ ಶಾಸನದಲ್ಲಿ, ವ್ಯಾಪಾರದ ಪ್ರಮಾಣಪತ್ರವನ್ನು ಕೊಡುವಾಗ ಪರಿಶಿಷ್ಟರಿಗೂ ಹೆಂಗಸರಿಗೂ ಅಂಗವಿಕಲರಿಗೂ ಆದ್ಯತೆಯಿರತಕ್ಕದ್ದೆಂಬ ವಾಕ್ಯವಿದೆ. ಬೂತುಗಳ ಹಂಚಿಕೆಯ ಹಳೆಯ ನಿಯಮವನ್ನು ಬಲ್ಲವರಿಗೆ ಅದನ್ನು ಓದುವಾಗ ಪರಿಚಿತವಾದ ದನಿಯೊಂದು ಕೇಳಿಸದಿರದು. ಆದರೆ ಪ್ರಮಾಣಪತ್ರವನ್ನು ಕೊಡತಕ್ಕವರು ನಗರಸಭೆಯವರು, ಪೆಟ್ಟಿಗೆಯನ್ನು ಕೊಟ್ಟು ಅದರ ಬಾಡಿಗೆಯನ್ನು ತಿಂಗಳು ತಿಂಗಳು ಮುರಿದುಕೊಳ್ಳತಕ್ಕವರು ಕಂಪನಿಯವರು. ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದು. ಬೂತಿನ ಕಾಲದಲ್ಲಿ ತಂತಿ, ಪರವಾನಗಿ, ಆದ್ಯತೆಯ ಪಟ್ಟಿ—ಈ ಮೂರೂ ಒಂದೇ ಇಲಾಖೆಯ ಕೈಯಲ್ಲಿದ್ದವು.